ಮೂರು ತಿಂಗಳು ಓಡದ ಗುಂಡಿಗೆ

ಎದೆಯ ಸುತ್ತ ಟೇಪು ಹಿಡಿದ ಕೂಡಲೇ ಹೆಂಗಸರು ಉಸಿರು ಬಿಗಿಹಿಡಿಯುತ್ತಾರೆ. ಕೆಲವರಿಗೆ ನಾಚಿಕೆ, ಕೆಲವರಿಗೆ ತೆಳ್ಳಗೆ ಕಾಣುವ ಆಸೆ. ಆ ಅಳತೆಗೆ ಬ್ಲೌಸು ಹೊಲಿದುಕೊಟ್ಟರೆ ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ನನ್ನನ್ನೇ ಬೈಯುತ್ತಾರೆ. ಅದಕ್ಕೇ ನಾನು ಟೇಪನ್ನು ಸಡಿಲವಾಗಿ ಹಿಡಿದು, ಇವತ್ತು ಏನು ಸಾರು ಮಾಡಿದಿರಿ, ನಿಮ್ಮತ್ತೆ ಊರಿಗೆ ಹೋದರೋ ಇಲ್ಲೇ ಇದ್ದಾರೋ ಎಂದು ಏನಾದರೂ ಕೇಳುತ್ತೇನೆ. ಅತ್ತೆಯ ಮಾತು ಬಂದರೆ ಯಾರೂ ಉಸಿರು ಹಿಡಿದುಕೊಂಡು ನಿಲ್ಲುವುದಿಲ್ಲ. ಟೇಪು ನನ್ನ ಬೆರಳ ನಡುವೆ ಜರುಗುತ್ತದೆ. ಜರುಗಿ ನಿಂತ ಜಾಗವೇ ನಿಜವಾದ ಅಳತೆ. ಬಳ್ಳಾರಿಯ ಗಾಂಧಿನಗರದಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಮೂವತ್ತು ವರ್ಷ ಹೀಗೇ ಹೊಲಿದಿದ್ದೇನೆ. ನನ್ನ ಅಳತೆ ತಪ್ಪುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಜಂಬ ಅನ್ನುವವರು ಅನ್ನಲಿ.

ತಪ್ಪಿದ್ದು ತಂಗಿಯ ಮಗಳ ಅಳತೆ. ತಂಗಿಯನ್ನು ಕೊಟ್ಟಿರುವುದು ಕುರುಗೋಡಿಗೆ. ಅವಳ ಮಗಳು ಡಿಗ್ರಿ ಓದಲು ಬಳ್ಳಾರಿಗೆ ಬಂದು ನನ್ನ ಮನೆಯಲ್ಲೇ ಉಳಿದಿದ್ದಳು. ಬಂದ ಹೊಸದರಲ್ಲಿ ಮಾಳಿಗೆ ಹತ್ತಿ ಬಟ್ಟೆ ಒಣಹಾಕಿ ಬಂದರೆ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದ ಹುಡುಗಿ. ಕಾಲೇಜಿನಲ್ಲಿ ಯಾರೋ ಓಟಕ್ಕೆ ಸೇರಿಸಿದರು. ಆಮೇಲೆ ಅದೇ ಹುಚ್ಚಾಯಿತು. ಬೆಳಗ್ಗೆ ಐದಕ್ಕೆ ಮೈದಾನ, ಸಂಜೆ ಮತ್ತೆ ಮೈದಾನ, ಭಾನುವಾರ ಕುರುಗೋಡಿಗೆ ಹೋದರೆ ಅಲ್ಲಿನ ಗುಡ್ಡ. ಅವಳ ಕೋಚ್ ಗುಡ್ಡವನ್ನು ಒಂದು ಸಲ ಹತ್ತಿಳಿ ಅಂದರೆ ಇವಳು ಆರು ಸಲ ಹತ್ತಿಳಿಯುತ್ತಿದ್ದಳು. ಹೀಗೆ ಎರಡು ವರ್ಷ. ನನಗೆ ಕಂಡಿದ್ದು ಮಾತ್ರ ಅವಳ ಬೆವರಿನ ಬಟ್ಟೆ ಮತ್ತು ತಿಂಗಳಿಗೆ ಎರಡು ಪಟ್ಟು ಮುಗಿಯುತ್ತಿದ್ದ ಜೋಳದ ಹಿಟ್ಟು.

ಸಿರುಗುಪ್ಪದಲ್ಲಿ ನಮ್ಮ ಸೋದರಮಾವನ ಮೊಮ್ಮಗಳ ಮದುವೆ ಬಂತು. ಅದಕ್ಕೆ ತಂಗಿಯ ಮಗಳಿಗೆ ರೇಷ್ಮೆ ಬ್ಲೌಸು ಹೊಲಿಯಲು ಟೇಪು ಹಿಡಿದೆ. ಏನೇನೋ ಕೇಳಿದೆ. ಅವಳು "ಹ್ಞೂಂ ದೊಡ್ಡವ್ವ" ಅಂದಳು, ಟೇಪು ಮಿಸುಕಲಿಲ್ಲ. ಕಾದೆ. ಆಗಲೂ ಮಿಸುಕಲಿಲ್ಲ.

"ಉಸುರು ಹಿಡೀಬ್ಯಾಡಲೇ, ನಿನ್ನ ನೋಡಾಕ ಇಲ್ಲಿ ಯಾರೂ ಬಂದಿಲ್ಲ" ಎಂದು ಗದರಿದೆ.

"ನಾ ಎಲ್ಲಿ ಹಿಡದೀನಿ? ಆಡ್ಸಾಕತ್ತೀನಲ್ಲ."

ಟೇಪು ಒಂದು ಕೂದಲೆಳೆಯಷ್ಟು ಜರುಗಿತು. ಇವಳದು ಇಷ್ಟೇ ಎಂದುಕೊಂಡು ಗುರುತು ಹಾಕಿಕೊಂಡೆ.

ಮದುವೆಯ ದಿನ ಊಟ ಮುಗಿಸಿದ ಬೀಗರ ಬಸ್ಸು ಅವರೂರು ರಾರಾವಿಗೆ ಹೊರಟುಹೋಯಿತು. ಹೋದ ಮೇಲೆ ನೋಡಿದರೆ ಮದುಮಗನ ಅಜ್ಜಿ ನಮ್ಮ ಅಂಗಳದಲ್ಲೇ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಳೆ! ಫೋನು ಮಾಡಿದರೆ ಬಸ್ಸಿನಲ್ಲಿ ಹಾಡಿನ ಗದ್ದಲ, ಯಾರೂ ಎತ್ತಲಿಲ್ಲ. ಎಲ್ಲರೂ ಬಾಯಿ ಮಾಡುತ್ತಿರುವಾಗ ಈ ಹುಡುಗಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕಾಲುವೆಯ ಏರಿಯ ಮೇಲೆ ಓಡಿದಳು. ರಸ್ತೆ ಬಳಸಿ ಬರುವ ಕಡೆ ಇವಳು ನೆಟ್ಟಗೆ ಹೋಗಿ ಬಸ್ಸಿನ ಮುಂದೆ ನಿಂತಳಂತೆ. ಬಸ್ಸಿನಲ್ಲೇ ಕೂತು ವಾಪಸು ಬಂದು ಇಳಿದವಳು ನಮ್ಮೆಲ್ಲರ ಮುಂದೆ ಎದೆ ತುಂಬ ಒಂದು ಉಸಿರು ಎಳೆದುಕೊಂಡಳು. ಓಡುವಾಗಲೇ ಸಡಿಲಾಗಿದ್ದ ಹೊಲಿಗೆ ಪರ್ ಎಂದು ಸದ್ದು ಮಾಡಿತು. ಎರಡೂ ಪಕ್ಕದ ಹೊಲಿಗೆ ಕಂಕುಳಿನಿಂದ ಕೆಳಗಿನವರೆಗೆ ಬಿಚ್ಚಿಕೊಂಡಿತ್ತು.

"ಯಾವ ಟೈಲರ್ ಹೊಲ್ದಿದ್ದವ್ವ ಇದನ್ನ?" ಎಂದು ಆ ಅಜ್ಜಿ ಕೇಳಿದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬಳ್ಳಾರಿಗೆ ಬಂದವಳೇ ಅವಳನ್ನು ನಿಲ್ಲಿಸಿ, ಈ ಸಲ ಹಟಕ್ಕೆ ಬಿದ್ದು ಎರಡು ಸಲ ಅಳೆದೆ. ಸುಮ್ಮನೆ ನಿಂತಾಗ ಒಂದು, ಪೂರ್ತಿ ಉಸಿರು ಎಳೆದಾಗ ಒಂದು. ಸಾಮಾನ್ಯವಾಗಿ ಹೆಂಗಸರಲ್ಲಿ ಒಂದಿಂಚು, ಜೋರು ಮಾಡಿದರೆ ಒಂದೂವರೆ ಇಂಚು ವ್ಯತ್ಯಾಸ ಬರುವುದನ್ನು ನೋಡಿದ್ದೇನೆ. ಇವಳದು ಮೂರು ಇಂಚಿಗೂ ಮೇಲೆ ಹೋಯಿತು. ಟೇಪು ನನ್ನ ಕೈಯಿಂದ ಕಿತ್ತುಕೊಂಡು ಹೋಗುವಂತಿತ್ತು. ಉಸಿರು ಬಿಟ್ಟು ಸುಮ್ಮನೆ ಕೂತಾಗ ಎದುರಿಗೆ ಕೂತು ನೋಡಿದೆ. ನಾನು ಎರಡು ಸಲ ಉಸಿರಾಡುವುದರೊಳಗೆ ಅವಳು ಒಂದು ಸಲ ಆಡುತ್ತಿದ್ದಳು. ಅದೂ ನಿಧಾನ, ಯಾವ ಅವಸರವೂ ಇಲ್ಲ. ಎರಡು ವರ್ಷ ನನ್ನ ಮನೆಯಲ್ಲೇ ಉಂಡು ಮಲಗಿದ ಹುಡುಗಿಯ ಮೈಯೊಳಗೆ ಇಷ್ಟು ಆಗಿದೆ, ಮೈ ಅಳೆದೇ ಹೊಟ್ಟೆ ಹೊರೆಯುವ ನನಗೆ ಗೊತ್ತೇ ಆಗಿಲ್ಲ. ಬೆರಗಿಗೆ ನನ್ನ ಅಪಮಾನವೂ ಮರೆತುಹೋಯಿತು.

ಆ ಬೆರಗು ಬಹಳ ದಿನ ನಿಲ್ಲಲಿಲ್ಲ. ವಿಶ್ವವಿದ್ಯಾಲಯದ ಓಟದ ತಂಡಕ್ಕೆ ಆಯ್ಕೆ ಇತ್ತು. ಅದಕ್ಕೆ ಡಾಕ್ಟರ ಪತ್ರ ಬೇಕು. ಬಳ್ಳಾರಿಯ ಒಂದು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಇಸಿಜಿ ತೆಗೆದ ನರ್ಸು ಕಾಗದ ನೋಡಿ, ಯಂತ್ರ ನೋಡಿ, ವೈರುಗಳನ್ನು ಕಿತ್ತು ಮತ್ತೆ ಹಚ್ಚಿದಳು. ನಾಡಿ ನಿಮಿಷಕ್ಕೆ ನಲವತ್ತೆರಡು. ಎರಡನೆಯ ಸಲವೂ ನಲವತ್ತೆರಡೇ ಬಂತು. ಹೃದಯದ ಡಾಕ್ಟರು ಒಬ್ಬ ಹೆಂಗಸು, ನನಗಿಂತ ಐದಾರು ವರ್ಷ ಚಿಕ್ಕವರು. ಕಾಗದವನ್ನು ಆಚೆ ಈಚೆ ತಿರುಗಿಸಿ, ಮರುದಿನ ಎಕೋ ಮಾಡೋಣ, ಅವಳ ತಾಯಿಯನ್ನೂ ಕರೆಸಿ ಎಂದರು.

ಮರುದಿನ ತಂಗಿ ಕುರುಗೋಡಿನಿಂದ ಮೊದಲ ಬಸ್ಸಿಗೇ ಬಂದಳು. ಡಾಕ್ಟರು ಮೊದಲು ಕೇಳಿದ್ದು ಹುಡುಗಿಯ ವಿಷಯವನ್ನಲ್ಲ.

"ನಿಮ್ಮ ಮನ್ಯಾಗ ಯಾರಾದ್ರೂ ಸಣ್ಣ ವಯಸ್ಸಿನ್ಯಾಗ ತೀರಿಕೊಂಡಾರೇನ್ರಿ?"

ತಂಗಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ನಮ್ಮವ್ವ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಕುದಿಸಿದ ಭತ್ತವನ್ನು ಕಣದಲ್ಲಿ ಹರವುವ ಕೆಲಸ ಮಾಡುತ್ತಿದ್ದಳು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಕಾಲಿನಿಂದ ಭತ್ತವನ್ನು ತಿರುವುತ್ತ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಕೊನೆಯ ಎರಡು ವರ್ಷ ಅವ್ವ ನಡುಕಣದಲ್ಲಿ ನಿಂತುಬಿಡುತ್ತಿದ್ದಳು. ಯಾರಾದರೂ ನೋಡಿದರೆ ಮೋಡ ನೋಡುವವಳ ಹಾಗೆ ಮುಖ ಮೇಲೆತ್ತುತ್ತಿದ್ದಳು. ಮೋಡ ಎಲ್ಲಿತ್ತು? ಉಸಿರು ಸಾಲುತ್ತಿರಲಿಲ್ಲ. ಬಳ್ಳಾರಿಗೆ ತಂದು ತೋರಿಸಿದಾಗ ಆಗಿನ ಡಾಕ್ಟರು ಹೇಳಿದ್ದು ಒಂದೇ ಮಾತು: ಗುಂಡಿಗೆ ದೊಡ್ಡದಾಗಿದೆ. ನಾಲ್ಕು ತಿಂಗಳಿಗೆ ಅವ್ವ ಹೋದಳು. ಆಗ ನನಗೆ ಹದಿನೈದು, ತಂಗಿಗೆ ಹನ್ನೊಂದು. ಗುಂಡಿಗೆ ದೊಡ್ಡದಾಗುವುದು ಎಂದರೆ ಸಾಯುವುದು ಎಂದೇ ನಾವಿಬ್ಬರೂ ಕಲಿತೆವು.

ಎಕೋ ಕೋಣೆಯಲ್ಲಿ ಹುಡುಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಡಾಕ್ಟರು ಕೈಯಲ್ಲಿನ ಸಾಧನವನ್ನು ಪಕ್ಕೆಲುಬುಗಳ ನಡುವೆ ಒತ್ತಿದರು. ಪರದೆಯ ಮೇಲೆ ಮಬ್ಬು ಮಬ್ಬಾಗಿ ಏನೋ ಅಲುಗಾಡಿತು. ಬರಬರುತ್ತ ಸ್ಪಷ್ಟವಾಯಿತು. ಒಂದು ಕೋಣೆ ತುಂಬುತ್ತಿತ್ತು. ತುಂಬುತ್ತಲೇ ಇತ್ತು. ಇನ್ನೇನು ಮರೆತೇಬಿಟ್ಟಿತು ಅನ್ನುವಷ್ಟು ಹೊತ್ತಿನ ಮೇಲೆ ಒಮ್ಮೆಲೇ ಪೂರ್ತಿ ಮುದುಡಿ, ಒಳಗಿದ್ದುದನ್ನೆಲ್ಲ ಹೊರಗೆ ನೂಕಿ, ಮತ್ತೆ ನಿಧಾನಕ್ಕೆ ಬಾಯಿ ತೆರೆಯಿತು. ಸಣ್ಣ ಎಲೆಯಂಥ ಎರಡು ಕವಾಟಗಳು ಅದಕ್ಕೆ ಸರಿಯಾಗಿ ಮುಚ್ಚಿ ತೆರೆಯುತ್ತಿದ್ದವು. ಎಷ್ಟು ಸಾವಿರ ಹೆಂಗಸರ ಎದೆಗೆ ಟೇಪು ಸುತ್ತಿದ್ದೇನೋ ನಾನು, ಒಳಗೆ ಇಂಥದೊಂದು ಹಗಲೂ ರಾತ್ರಿ ದುಡಿಯುತ್ತಿದೆ ಎಂದು ಒಂದು ದಿನವೂ ನೆನೆದಿರಲಿಲ್ಲ. ನನಗೆ ಕಣ್ಣೀರು ಬಂತು. ಹೆದರಿಕೆಯಿಂದಲ್ಲ, ಅದು ಅಷ್ಟು ಚೆನ್ನಾಗಿತ್ತು.

ಡಾಕ್ಟರು ಪರದೆಯ ಮೇಲೆ ಗೆರೆ ಎಳೆದು ಅಳೆದರು. ಅವರೂ ಎರಡು ಸಲ ಅಳೆದರು, ಒಂದು ತುಂಬಿದಾಗ, ಒಂದು ಮುದುಡಿದಾಗ. ಇದು ನಮ್ಮ ಕಸುಬೇ ಅನ್ನಿಸಿತು. ಆಮೇಲೆ ಕೈ ಒರೆಸಿಕೊಂಡು ಹೇಳಿದರು.

"ಗುಂಡಿಗಿ ಸ್ವಲ್ಪ ದೊಡ್ಡದೈತ್ರಿ."

ತಂಗಿ ಕುರ್ಚಿಯ ಕೈ ಹಿಡಿದುಕೊಂಡಳು. ಡಾಕ್ಟರು ಅವಸರದಲ್ಲಿ ಮುಂದುವರಿಸಿದರು.

"ಅಂಜಬ್ಯಾಡ್ರಿ, ಪೂರ್ತಿ ಕೇಳ್ರಿ. ದಿನಾ ಇಷ್ಟು ಓಡೋರ ಗುಂಡಿಗಿ ದೊಡ್ಡದಾಗೇ ಆಗತೈತಿ. ಗಂಡಸರದು ಗೋಡಿನೂ ದಪ್ಪ ಆಗಬಹುದು. ಹೆಣ್ಮಕ್ಕಳದು ಗೋಡಿ ಅಷ್ಟು ದಪ್ಪ ಆಗಂಗಿಲ್ಲ, ಒಳಗಿನ ಜಾಗ ಹೆಚ್ಚಾಗತೈತಿ. ಒಂದು ಬಡಿತಕ್ಕ ಜಾಸ್ತಿ ರಕ್ತ ನೂಕತೈತಿ, ಅದಕ್ಕ ಕಡಿಮಿ ಬಡದ್ರೂ ಸಾಕಾಗತೈತಿ. ಪುಪ್ಪುಸ ಏನೂ ಬಹಳ ಬೆಳಿಯಂಗಿಲ್ಲ, ಪಕ್ಕೆಲುಬಿನ ಸುತ್ತಲಿನ ಸ್ನಾಯು ಗಟ್ಟಿ ಆಗ್ತಾವ, ಉಸುರು ಆಳಕ್ಕ ಹೋಗತೈತಿ. ಇದು ಒಳ್ಳೇದು."

"ಮತ್ತ ನಮ್ಮವ್ವಂದು?" ಎಂದಳು ತಂಗಿ.

"ನಿಮ್ಮವ್ವಂದು ಕವಾಟ ಕೆಟ್ಟು ದೊಡ್ಡದಾಗಿರಬಹುದು, ಆಗಿನ ಕಾಲಕ್ಕ ಅದು ಬಹಳ ಇತ್ತು. ಈಕಿ ಕವಾಟ ಚೊಲೋ ಅದಾವ. ಆದ್ರ ಮನಿತನದಾಗ ಬರೋ ಗುಂಡಿಗಿ ಬ್ಯಾನಿನೂ ಐತಿ, ಅದರಾಗೂ ಹಿಂಗ ದೊಡ್ಡದಾಗತೈತಿ. ಎರಡರಾಗ ಯಾವುದು ಅಂತ ಇವತ್ತು ನೋಡಿ ಖಂಡಿತ ಹೇಳಾಕ ಆಗವಲ್ದು ನನಗ."

ಕಂಡುಹಿಡಿಯುವ ದಾರಿ ಒಂದಿತ್ತು. ಮೂರು ತಿಂಗಳು ಓಡಬಾರದು. ಓಟದಿಂದ ದೊಡ್ಡದಾಗಿದ್ದರೆ ಓಟ ನಿಂತ ಮೇಲೆ ಗುಂಡಿಗೆ ತಾನಾಗಿ ಕುಗ್ಗುತ್ತದೆ. ಕಾಯಿಲೆಯಾಗಿದ್ದರೆ ಕುಗ್ಗುವುದಿಲ್ಲ. ಕುಗ್ಗದಿದ್ದರೆ ಅವಳು ಇನ್ನು ಜೀವಮಾನದಲ್ಲಿ ಓಡುವಂತಿಲ್ಲ. ಆಯ್ಕೆ ಇದ್ದದ್ದು ಒಂದೂವರೆ ತಿಂಗಳಿಗೆ.

ಹುಡುಗಿ ಕೇಳಿದಳು: "ಅಂದ್ರ ನನಗ ಬ್ಯಾನಿ ಇಲ್ಲ ಅಂತ ತೋರ್ಸಾಕ, ನಾ ಮಾಡ್ಕೊಂಡಿದ್ದೆಲ್ಲ ನಾನೇ ಕಳಕೋಬೇಕು?"

"ಹೌದವ್ವ" ಎಂದರು ಡಾಕ್ಟರು. ಅವರಿಗೂ ಬೇಜಾರಾಗಿತ್ತು.

ಆ ಮೂರು ತಿಂಗಳನ್ನು ಹೇಗೆ ಹೇಳಲಿ! ತಂಗಿ ವಾರಕ್ಕೆ ಎರಡು ಸಲ ಕುರುಗೋಡಿನಿಂದ ಬಂದು ಕಾವಲು ಕೂರುತ್ತಿದ್ದಳು. ಹುಡುಗಿ ಮಾಳಿಗೆ ಹತ್ತಬಾರದು, ಕೊಡ ಎತ್ತಬಾರದು, ಕಾಲೇಜಿಗೆ ಆಟೋದಲ್ಲೇ ಹೋಗಬೇಕು. ಅಷ್ಟೆಲ್ಲ ಡಾಕ್ಟರು ಹೇಳಿರಲೇ ಇಲ್ಲ. ಹೇಳಿದರೆ ಯಾರು ಕೇಳುತ್ತಾರೆ? ಬೆಳಗ್ಗೆ ಐದಕ್ಕೆ ಹುಡುಗಿಗೆ ತಾನಾಗಿ ಎಚ್ಚರವಾಗುತ್ತಿತ್ತು. ಎದ್ದು ಕಾಲು ಮಡಚಿ ಕೂತು, ಕುತ್ತಿಗೆಗೆ ಎರಡು ಬೆರಳಿಟ್ಟು ನಾಡಿ ಎಣಿಸಿ, ನಾನು ಬಟ್ಟೆ ಕತ್ತರಿಸುವ ಮೇಜಿನ ಅಂಚಿಗೆ ನನ್ನ ಗುರುತಿನ ಸೀಮೆಸುಣ್ಣದಿಂದಲೇ ಬರೆಯುತ್ತಿದ್ದಳು. ನಲವತ್ತೆರಡು. ನಲವತ್ಮೂರು. ಎರಡು ವಾರಕ್ಕೆ ನಲವತ್ತೇಳು.

ಅಂಕಿ ಏರಿದ ದಿನ ತಂಗಿಯ ಮುಖ ಅರಳುತ್ತಿತ್ತು. ಅದೇ ಅಂಕಿ ನೋಡಿ ಹುಡುಗಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಇಬ್ಬರ ನಡುವೆ ನನ್ನ ಪಾಡು ಕೇಳಬೇಡಿ. ಏರಲಿ ಅಂದರೆ ಅವಳ ಕಣ್ಣಿಗೆ ನಾನು ಶತ್ರು, ಏರದಿರಲಿ ಅಂದರೆ ನಮ್ಮವ್ವನ ಮುಖ ಕಣ್ಣ ಮುಂದೆ ಬರುತ್ತಿತ್ತು. ದೇವರ ಮುಂದೆ ನಿಂತು ಏನು ಬೇಡಿಕೊಳ್ಳಬೇಕೆಂದೂ ತಿಳಿಯದೆ ಸುಮ್ಮನೆ ಕೈ ಮುಗಿದು ಬರುತ್ತಿದ್ದೆ.

ಆಯ್ಕೆಯ ದಿನವೂ ಬಂದು ಹೋಯಿತು. ಅವತ್ತು ಅವಳು ಬೆಳಗಿನಿಂದ ಅನ್ನ ಮುಟ್ಟಲಿಲ್ಲ. ಇದು ಸರಿ ಇಲ್ಲ, ಕೈಗೆ ಏನಾದರೂ ಕೆಲಸ ಕೊಡಬೇಕು ಎಂದುಕೊಂಡು ನನ್ನ ಹಳೆಯ ಕಾಲಿನ ಮಷಿನ್ ಮುಂದೆ ಕೂರಿಸಿದೆ. ಹಬ್ಬಕ್ಕೆ ಮುಂಚಿನ ಕಾಲ, ಲಂಗಗಳ ರಾಶಿ ಬಿದ್ದಿತ್ತು. ನೆಟ್ಟಗಿನ ಹೊಲಿಗೆ, ತಲೆ ಓಡಿಸುವ ಅಗತ್ಯವಿಲ್ಲ. ಹುಡುಗಿ ಸಿಟ್ಟನ್ನೆಲ್ಲ ಪೆಡಲಿನ ಮೇಲೆ ತೀರಿಸಿಕೊಂಡಳು. ಮಷಿನ್ನು ನನ್ನ ಕಾಲಡಿ ಅಂಥ ವೇಗ ಕಂಡಿರಲಿಲ್ಲ. ದಿನಕ್ಕೆ ನಾಲ್ಕು ತಾಸು, ಐದು ತಾಸು ಕಟಕಟ ತುಳಿಯುತ್ತಿದ್ದಳು. ತಂಗಿಯೂ ನೋಡಿ, ಕೂತು ಮಾಡುವ ಕೆಲಸ, ಒಳ್ಳೆಯದೇ ಆಯಿತು ಎಂದಳು.

ಒಂದು ಸಂಜೆ ಕರೆಂಟು ಹೋಗಿ ನೀರೆತ್ತುವ ಮೋಟರು ನಿಂತಿತು, ಮಾಳಿಗೆಯ ತೊಟ್ಟಿ ಖಾಲಿ. ತಂಗಿ ಇರಲಿಲ್ಲ. ಹುಡುಗಿ ನನ್ನ ಮಾತು ಕೇಳದೆ ಒಂದು ಬಕೆಟ್ ನೀರನ್ನು ಮಾಳಿಗೆಗೆ ಹೊತ್ತು ಇಳಿದು ಬಂದಳು. ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳ ಭುಜ ಏರಿಳಿಯುತ್ತಿತ್ತು. ಎರಡೂವರೆ ತಿಂಗಳ ಹಿಂದೆ ಗುಡ್ಡವನ್ನು ಆರು ಸಲ ಹತ್ತಿಳಿದವಳು! ನನ್ನನ್ನು ನೋಡಿ ನಗಲು ಹೋದಳು, ಆಗಲಿಲ್ಲ. ನಾನು ಅವಳನ್ನು ಕೂರಿಸಿ ಬೆನ್ನು ಸವರಿದೆ. ಈ ಮೈ ಎಂಬುದು ಎಷ್ಟು ಮಾತು ಕೇಳುತ್ತದೆ ಎಂದು ಅವತ್ತು ನನಗೆ ಭಯವೇ ಆಯಿತು. ದುಡಿ ಅಂದರೆ ಒಳಗಿನ ಕೋಣೆಯನ್ನೇ ಹಿಗ್ಗಿಸಿಕೊಂಡು ದುಡಿಯುತ್ತದೆ, ಬೇಡ ಅಂದರೆ ಎಲ್ಲ ಕಟ್ಟಿ ಒಳಗಿಡುತ್ತದೆ.

ಎರಡನೆಯ ಎಕೋಗೆ ಎರಡು ದಿನ ಮುಂಚೆ ಒಬ್ಬ ಗಿರಾಕಿ ಬ್ಲೌಸು ಒಯ್ಯಲು ಬಂದಳು. ಮಷಿನ್ ತುಳಿಯುತ್ತಿದ್ದ ಹುಡುಗಿಯನ್ನು ನೋಡಿ, "ಚೊಲೋ ವ್ಯಾಯಾಮ ನೋಡ್ರಿ ಇದು. ನನಗ ಡಾಕ್ಟ್ರು ಮನ್ಯಾಗ ಸೈಕಲ್ ತುಳಿ ಅಂದಾರ, ಎದಿಗೆ ಒಳ್ಳೇದಂತ" ಎಂದಳು.

ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ವ್ಯಾಯಾಮ! ಯಾವ ವ್ಯಾಯಾಮವೂ ಬೇಡ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಅದೇ ಮಷಿನ್ನಿನ ಡ್ರಾದಲ್ಲಿತ್ತು. ಒಂದೂವರೆ ತಿಂಗಳಿಂದ ನಾನೇ ಕೂರಿಸಿ ತುಳಿಸಿದ್ದೇನೆ. ಮೂವತ್ತು ವರ್ಷ ತುಳಿದ ನನಗೆ ಅದು ಕೆಲಸ, ಕೂತು ಮಾಡುವ ಕೆಲಸ. ಬೇರೇನಾದರೂ ಆದೀತು ಎಂದು ಹೊಳೆದೇ ಇರಲಿಲ್ಲ. ಈಗ ಅವಳ ಗುಂಡಿಗೆ ಕುಗ್ಗದಿದ್ದರೆ, ಅದು ಕಾಯಿಲೆಯೋ ನನ್ನ ಲಂಗಗಳ ರಾಶಿಯೋ ಎಂದು ಯಾರು ಹೇಳಬೇಕು? ಇಲ್ಲದ ಕಾಯಿಲೆಯನ್ನು ನಾನೇ ಅವಳ ಮೈಗೆ ಹೊಲಿದೆನೇ? ಆ ಎರಡು ದಿನ ಮಷಿನ್ನಿಗೆ ಬಟ್ಟೆ ಹೊದಿಸಿಟ್ಟೆ. ತಂಗಿಗೆ ಹೇಳುವ ಧೈರ್ಯ ಬರಲಿಲ್ಲ.

ಆಸ್ಪತ್ರೆಯಲ್ಲಿ ಹುಡುಗಿ ಒಳಗೆ ಮಲಗುವ ಮೊದಲೇ ಡಾಕ್ಟರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಎಷ್ಟು ಲಂಗ, ಎಷ್ಟು ತಾಸು, ಎಲ್ಲ ಹೇಳಿದೆ. ಪಕ್ಕದಲ್ಲಿದ್ದ ತಂಗಿ ನನ್ನನ್ನು ನುಂಗುವಂತೆ ನೋಡಿದಳು. ಡಾಕ್ಟರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು.

"ಅಮ್ಮಾ, ಆರು ಸಲ ಗುಡ್ಡ ಹತ್ತಿದ ಗುಂಡಿಗಿಗೆ ನಿಮ್ಮ ಮಷಿನ್ ತುಳಿಯೋದು ಲೆಕ್ಕಕ್ಕ ಇಲ್ಲರಿ. ನಡ್ರಿ ಒಳಗ."

ನಾನು ಮೂವತ್ತು ವರ್ಷ ತುಳಿದದ್ದು ಲೆಕ್ಕಕ್ಕೇ ಇಲ್ಲವಂತೆ! ಬೇರೆ ದಿನವಾಗಿದ್ದರೆ ಅಲ್ಲೇ ಕಾಲು ಕೆರೆದು ಜಗಳ ತೆಗೆಯುತ್ತಿದ್ದೆ. ಅವತ್ತು ಆ ಮಾತು ಹಾಲು ಕುಡಿದಷ್ಟು ಹಿತವಾಯಿತು.

ಮತ್ತೆ ಅದೇ ಕೋಣೆ, ಅದೇ ಪರದೆ. ಗುಂಡಿಗೆ ಈಗ ಬೇಗ ಬೇಗ ತುಂಬಿ ಬೇಗ ಬೇಗ ಮುದುಡುತ್ತಿತ್ತು. ನೋಡುತ್ತಲೇ ಇದು ಬೇರೆಯೆಂದು ನನಗೆ ತಿಳಿಯಿತು. ಡಾಕ್ಟರು ಗೆರೆ ಎಳೆದರು. ಹಳೆಯ ಕಾಗದ ತೆಗೆದು ಪಕ್ಕದಲ್ಲಿಟ್ಟರು. ಇನ್ನೊಮ್ಮೆ ಎಳೆದರು. ತಂಗಿ ನನ್ನ ಮುಂಗೈ ಹಿಡಿದಿದ್ದಳು, ಅವಳ ಉಗುರಿನ ಗುರುತು ನಾಲ್ಕು ದಿನ ಇತ್ತು.

"ಕುಗ್ಗೈತ್ರಿ" ಎಂದರು ಡಾಕ್ಟರು. "ಎಲ್ಲಾರಂಗ ಆಗೈತಿ. ಬ್ಯಾನಿ ಇದ್ದಿದ್ರ ಹಿಂಗ ಕುಗ್ಗತಿರಲಿಲ್ಲ. ಮೊದಲು ನೋಡಿದ್ದು ಈಕಿ ಕೈಯಾರೆ ಮಾಡಿಕೊಂಡಿದ್ದ ಗುಂಡಿಗಿ. ವರ್ಷಕ್ಕೊಮ್ಮೆ ಬಂದು ತೋರ್ಸ್ಕೊಂಡು ಹೋಗಲಿ. ನಾಳೆಯಿಂದ ಓಡಬಹುದು, ಸ್ವಲ್ಪ ಸ್ವಲ್ಪ."

ತಂಗಿ ಡಾಕ್ಟರಿಗೆ, ಆ ಯಂತ್ರಕ್ಕೆ, ಬಾಗಿಲಲ್ಲಿದ್ದ ನರ್ಸಿಗೆ, ಎಲ್ಲರಿಗೂ ಕೈ ಮುಗಿದಳು. ಹುಡುಗಿ ಎದೆಯ ಜೆಲ್ ಒರೆಸಿಕೊಂಡು ಹೊರಗೆ ನಡೆದಳು.

ಹೊರಗೆ ಬಂದು ನೋಡಿದರೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಳೆ. ಸಂತೋಷಕ್ಕೆ ಎಂದುಕೊಂಡೆ. ಅಲ್ಲ.

"ಎಲ್ಲಾ ಹೋತು ದೊಡ್ಡವ್ವ. ಎರಡು ವರ್ಷದ್ದು. ಎಲ್ಲಾರಂಗ ಆಗೈತಂತ."

ತಂಗಿ ಎರಡು ಮೆಟ್ಟಿಲು ಇಳಿದು ಮಗಳ ಪಕ್ಕ ಕೂತಳು. ಮೂರು ತಿಂಗಳು ಕೊಡ ಎತ್ತಲೂ ಬಿಡದ ತಂಗಿ, ಹನ್ನೊಂದನೆಯ ವಯಸ್ಸಿನಿಂದ ‘ಗುಂಡಿಗೆ ದೊಡ್ಡದು’ ಎಂಬ ಆ ಒಂದು ಮಾತಿಗೆ ಬೆವರುತ್ತಿದ್ದ ತಂಗಿ, ಮಗಳ ಮೂಗನ್ನು ತನ್ನ ಸೆರಗಿನಿಂದ ಒರೆಸಿದಳು.

"ಅಳಬ್ಯಾಡ. ಒಮ್ಮಿ ಮಾಡಿದ್ದು ಮತ್ತ ಆಗತೈತಿ. ಹೋಗು, ಮತ್ತ ದೊಡ್ಡದು ಮಾಡ್ಕೊ."

ಹುಡುಗಿ ಅಳು ನಿಲ್ಲಿಸಿ ತಾಯಿಯ ಮುಖ ನೋಡಿದಳು. "ನಿನಗ ಅಂಜಿಕಿ ಆಗಂಗಿಲ್ಲೇನವ್ವ?"

"ಆಗತೈತಿ" ಎಂದಳು ತಂಗಿ. "ಯಾಕ ಆಗಂಗಿಲ್ಲ? ನೀ ಗುಡ್ಡ ಹತ್ತು, ನಾ ಕೆಳಗ ಕುಂತು ಅಂಜಿಕೊಂತ ಇರ್ತೀನಿ."